ಜಾಹೀರಾತಿನ ಬಿಡುವಿನಲ್ಲಿ ಜಾಝ್

ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿದ್ದ ಎನ್‌ಬಿಸಿ ವಾಹಿನಿಯ ಸ್ಟುಡಿಯೊದಲ್ಲಿ, 1970 ಮತ್ತು 80ರ ದಶಕಗಳ ಕೆಲಸದ ದಿನಗಳಂದು ಸಂಜೆ 5.30ರ ಸುಮಾರಿಗೆ ದೀಪಗಳು ಬೆಳಗಿದೊಡನೆ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಆಸನಗಳಲ್ಲಿ ಕುಳಿತ 17 ಮಂದಿ ವಾದಕರು ವಾದ್ಯಗಳನ್ನು ಎತ್ತಿಕೊಳ್ಳುತ್ತಿದ್ದರು. ಡ್ರಮ್ಸ್‌ನ ಸದ್ದಿನ ಬೆನ್ನಿಗೇ ಟ್ರಂಪೆಟ್‌ಗಳು ಮೊಳಗುತ್ತಿದ್ದವು, ಸ್ಯಾಕ್ಸೊಫೋನ್‌ಗಳು ಕೆಳಸ್ಥಾಯಿಯಲ್ಲಿ ಅವನ್ನು ಹಿಂಬಾಲಿಸುತ್ತಿದ್ದವು, ಬಣ್ಣದ ಪರದೆಯನ್ನು ಸರಿಸಿಕೊಂಡು ನಿರೂಪಕ ಜಾನಿ ಕಾರ್ಸನ್ ಹೊರಬರುತ್ತಿದ್ದರು. ಸಂಜೆ ಟೇಪಿಗೆ ಇಳಿದ ಈ ಕಾರ್ಯಕ್ರಮವು ಅದೇ ರಾತ್ರಿ 11.30ಕ್ಕೆ ಪ್ರಸಾರವಾದಾಗ, ಅಮೆರಿಕದ ಲಕ್ಷಾಂತರ ಮನೆಗಳಲ್ಲಿ ಜನ ಮಲಗುವ ಮುನ್ನ ಕೇಳುತ್ತಿದ್ದ ಕೊನೆಯ ಸಂಗೀತವು ಜಾಝ್ ಆಗಿರುತ್ತಿತ್ತು.

ಆದರೆ ಆ ಮನೆಗಳಲ್ಲಿ ಹೆಚ್ಚಿನವರು ಅದನ್ನು ಜಾಝ್ ಎಂದು ಕೂತು ಕೇಳಿದವರಲ್ಲ. ‘ಟುನೈಟ್ ಶೋ’ ಎಂಬ ಈ ಹರಟೆಯ ಕಾರ್ಯಕ್ರಮಕ್ಕೆ ಬರುತ್ತಿದ್ದ ಅತಿಥಿಗಳು, ಅದರ ಹಾಸ್ಯ, ಅದರ ನಿರೂಪಕ ಎಲ್ಲವೂ ಮನೆಮಾತಾಗಿದ್ದರೂ, ಹಿನ್ನೆಲೆಯಲ್ಲಿ ಕುಳಿತ ವಾದ್ಯವೃಂದದಲ್ಲಿ ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ, ಜಿಮ್ಮಿ ಲನ್ಸ್‌ಫರ್ಡ್ ಅವರ ಹೆಸರಾಂತ ತಂಡಗಳಲ್ಲಿ ನುಡಿಸಿ ಬಂದ ಕಲಾವಿದರಿದ್ದರು ಎಂಬುದು ಬಹುಪಾಲು ವೀಕ್ಷಕರ ಗಮನಕ್ಕೆ ಬಂದಿರಲಿಲ್ಲ. ದೇಶದಲ್ಲಿಯೇ ಅತಿ ಹೆಚ್ಚು ಜನರ ಕಿವಿ ತಲುಪುತ್ತಿದ್ದ ಜಾಝ್ ವೃಂದವು ಒಮ್ಮೆಗೆ ಕೆಲವೇ ಸೆಕೆಂಡುಗಳಷ್ಟು ಮಾತ್ರ ತಲುಪುತ್ತಿತ್ತು. ಈ ವೈಚಿತ್ರ್ಯವು ಹೇಗೆ ಉಂಟಾಯಿತು, ಅದರೊಳಗೆ ದುಡಿದವರಿಗೆ ಅದು ಏನನ್ನು ಕೊಟ್ಟಿತು, ಏನನ್ನು ಕಸಿಯಿತು ಎಂಬುದನ್ನು ತಿಳಿಯಲು ಅಮೆರಿಕದ ಬಾನುಲಿಯ ಕಾಲಕ್ಕೆ ಹಿಂದಿರುಗಬೇಕಾಗುತ್ತದೆ.

ಸಂಬಳಕ್ಕೆ ನಿಂತ ಸಂಗೀತ

ಆಕಾಶವಾಣಿಯ ನಿಲಯದ ಕಲಾವಿದರು ಎಂಬ ವ್ಯವಸ್ಥೆ ಕನ್ನಡ ಶ್ರೋತೃಗಳಿಗೆ ಹೊಸದಲ್ಲ. ತಿಂಗಳ ಸಂಬಳ ಪಡೆದು, ಕೇಂದ್ರಕ್ಕೆ ಬೇಕಾದಾಗ ಬೇಕಾದುದನ್ನು ನುಡಿಸುವ ವಾದಕರ ಗುಂಪೊಂದನ್ನು ಅಮೆರಿಕದ ಖಾಸಗಿ ಬಾನುಲಿ ಜಾಲಗಳೂ ಇಟ್ಟುಕೊಂಡಿದ್ದವು. ಪ್ರಸಾರವೆಲ್ಲವೂ ನೇರವಾಗಿದ್ದ ಕಾಲದಲ್ಲಿ ಅದು ಅನಿವಾರ್ಯವೂ ಆಗಿತ್ತು. ಎನ್‌ಬಿಸಿಯು 1937ರಲ್ಲಿ ಆರ್ತುರೊ ಟೊಸ್ಕನೀನಿ ಅವರಿಗಾಗಿ ಇಡೀ ಸಿಂಫನಿ ವಾದ್ಯವೃಂದವನ್ನೇ ಕಟ್ಟಿ 1954ರವರೆಗೆ ಸಾಕಿತ್ತು. ಅದರ ಜೊತೆಯಲ್ಲಿ ನಾಟಕ, ಹಾಸ್ಯ, ಸುದ್ದಿ, ಜಾಹೀರಾತುಗಳಿಗೆಲ್ಲ ಸಂಗೀತ ಒದಗಿಸುವ ಸಿಬ್ಬಂದಿ ವಾದಕರೂ ಇದ್ದರು.

ಈ ನೌಕರಿಗಳನ್ನು ಕಾಪಾಡಿದ್ದು ಅಮೆರಿಕದ ವಾದಕರ ಒಕ್ಕೂಟ. ಧ್ವನಿಮುದ್ರಿತ ಸಂಗೀತವು ನೇರ ಸಂಗೀತಗಾರನ ಅನ್ನವನ್ನು ಕಸಿಯುತ್ತದೆಂದು ದೃಢವಾಗಿ ನಂಬಿದ್ದ ಅದರ ಅಧ್ಯಕ್ಷ ಜೇಮ್ಸ್ ಪೆಟ್ರಿಲೊ 1942ರ ಆಗಸ್ಟ್‌ನಲ್ಲಿ ಧ್ವನಿಮುದ್ರಣದ ಮೇಲೆಯೇ ಮುಷ್ಕರ ಹೂಡಿದರು, ಆ ಮುಷ್ಕರ ಪೂರ್ತಿಯಾಗಿ ಮುಗಿಯಲು 1944ರ ನವೆಂಬರ್ ಬರಬೇಕಾಯಿತು. ಟೆಲಿವಿಷನ್ ಎಂಬ ಹೊಸ ಮಾಧ್ಯಮದ ಬಗೆಗೂ ಅವರಿಗೆ ಅದೇ ಅನುಮಾನವಿದ್ದುದರಿಂದ 1948ರ ಮಾರ್ಚ್‌ವರೆಗೆ ಒಕ್ಕೂಟದ ಸದಸ್ಯರು ಟಿವಿಯಲ್ಲಿ ನುಡಿಸುವಂತಿರಲಿಲ್ಲ. ನಿರ್ಬಂಧ ಸಡಿಲಗೊಂಡ ಮೇಲೆ, ಬಾನುಲಿಯಲ್ಲಿದ್ದ ಸಿಬ್ಬಂದಿ ವಾದಕರ ಪದ್ಧತಿಯು ಹೆಚ್ಚಿನ ಬದಲಾವಣೆಯಿಲ್ಲದೆ ಟಿವಿಯ ಸ್ಟುಡಿಯೊಗಳಿಗೆ ದಾಟಿಕೊಂಡಿತು.

ಅದೇ ವರ್ಷಗಳಲ್ಲಿ ಬಿಗ್ ಬ್ಯಾಂಡ್‌ಗಳು, ಎಂದರೆ ಹದಿನೈದರಿಂದ ಇಪ್ಪತ್ತು ವಾದಕರ ದೊಡ್ಡ ಜಾಝ್ ತಂಡಗಳು, ಒಂದೊಂದಾಗಿ ಬಾಗಿಲು ಮುಚ್ಚುತ್ತಿದ್ದವು. 1930ರ ದಶಕದಲ್ಲಿ ಅಮೆರಿಕದ ಯುವಜನರನ್ನು ಕುಣಿಸಿದ ಈ ತಂಡಗಳು ಯುದ್ಧಕಾಲದ ಪ್ರಯಾಣದ ತೊಂದರೆ, ಕುಣಿತದ ಸಭಾಂಗಣಗಳ ಮೇಲೆ 1944ರಲ್ಲಿ ಬಿದ್ದ ಭಾರಿ ತೆರಿಗೆ, ಜನರ ಒಲವು ಗಾಯಕರ ಕಡೆಗೆ ತಿರುಗಿದ್ದು ಮುಂತಾದ ಕಾರಣಗಳಿಂದ ಸೊರಗಿದವು. 1946ರ ಡಿಸೆಂಬರ್ ಒಂದರಲ್ಲೇ ಬೆನ್ನಿ ಗುಡ್‌ಮನ್, ಟಾಮಿ ಡಾರ್ಸಿ, ವುಡಿ ಹರ್ಮನ್ ಅವರಂಥ ಘಟಾನುಘಟಿಗಳು ತಮ್ಮ ತಂಡಗಳನ್ನು ವಿಸರ್ಜಿಸಿದರು. ಬಸ್ಸಿನಲ್ಲಿ ಊರೂರು ಅಲೆಯುತ್ತ ಹತ್ತಾರು ವರ್ಷ ಕಳೆದಿದ್ದ ನುರಿತ ವಾದಕರು ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್‌ಗಳಲ್ಲಿ ಮನೆ ಮಾಡಿ ಸ್ಟುಡಿಯೊ ಕೆಲಸ ಹಿಡಿದರು. ಟಿವಿ ವಾದ್ಯವೃಂದದ ಅಸಾಧಾರಣ ಮಟ್ಟಕ್ಕೆ ಕಾರಣ ಹುಡುಕುವವರು ವಾಹಿನಿಯ ಕಲಾಭಿರುಚಿಯನ್ನು ಹೊಗಳುವ ಮೊದಲು ಈ ನಿರುದ್ಯೋಗದ ಚರಿತ್ರೆಯನ್ನು ಗಮನಿಸುವುದು ಒಳಿತು.

ಹೆಂಡರ್‌ಸನ್‌ರಿಂದ ಸೆವೆರಿನ್ಸನ್‌ವರೆಗೆ

‘ಟುನೈಟ್’ ಕಾರ್ಯಕ್ರಮವು 1954ರ ಸೆಪ್ಟೆಂಬರ್ 27ರಂದು ನ್ಯೂಯಾರ್ಕಿನ ಹಡ್ಸನ್ ಥಿಯೇಟರಿನಿಂದ ರಾಷ್ಟ್ರವ್ಯಾಪಿ ಪ್ರಸಾರವಾಗತೊಡಗಿತು. ಮೊದಲ ನಿರೂಪಕ ಸ್ಟೀವ್ ಅಲೆನ್ ಸ್ವತಃ ಪಿಯಾನೊ ನುಡಿಸುತ್ತಿದ್ದ, ಹಾಡುಗಳನ್ನು ರಚಿಸುತ್ತಿದ್ದ ಜಾಝ್‌ಪ್ರೇಮಿಯಾಗಿದ್ದುದರಿಂದ ವಾದ್ಯವೃಂದವು ಆರಂಭದಿಂದಲೇ ಕಾರ್ಯಕ್ರಮದ ಅಂಗವಾಯಿತು. ಅದರ ಮೊದಲ ನಾಯಕ ಸ್ಕಿಚ್ ಹೆಂಡರ್‌ಸನ್. 1957ರಲ್ಲಿ ಜ್ಯಾಕ್ ಪಾರ್ ನಿರೂಪಕರಾದಾಗ ಆ ಸ್ಥಾನಕ್ಕೆ ಪಿಯಾನೊ ವಾದಕ ಹೊಸೆ ಮೆಲಿಸ್ ಬಂದರು. 1962ರ ಅಕ್ಟೋಬರ್ 1ರಂದು ಕಾರ್ಸನ್ ಅಧಿಕಾರ ವಹಿಸಿಕೊಂಡಾಗ ಹೆಂಡರ್‌ಸನ್ ಮರಳಿ ಬಂದು 1966ರವರೆಗೆ ಇದ್ದರು. ಅನಂತರದ ಅಲ್ಪಾವಧಿಯಲ್ಲಿ ಮಿಲ್ಟನ್ ಡೆಲಗ್ ನಡೆಸಿದ ವೃಂದವು 1967ರಲ್ಲಿ, ಅಲ್ಲಿಯವರೆಗೆ ಟ್ರಂಪೆಟ್ ಸಾಲಿನಲ್ಲಿ ಕುಳಿತು ನುಡಿಸುತ್ತಿದ್ದ ಡಾಕ್ ಸೆವೆರಿನ್ಸನ್ ಅವರ ಕೈಗೆ ಬಂದಿತು. ಅವರು ಅದನ್ನು 1992ರ ಮೇ 22ರಂದು ಕಾರ್ಸನ್ ನಿವೃತ್ತರಾಗುವವರೆಗೆ, ಎಂದರೆ ಕಾಲು ಶತಮಾನದ ಕಾಲ, ಮುನ್ನಡೆಸಿದರು.

ಆರಿಗಾನ್ ರಾಜ್ಯದ ಆರ್ಲಿಂಗ್ಟನ್ ಎಂಬ ಸಣ್ಣ ಊರಿನಲ್ಲಿ 1927ರಲ್ಲಿ ಹುಟ್ಟಿದ ಸೆವೆರಿನ್ಸನ್‌ರಿಗೆ ‘ಡಾಕ್’ ಎಂಬ ಹೆಸರು ಬಂದದ್ದು ದಂತವೈದ್ಯರಾಗಿದ್ದ ತಂದೆಯಿಂದ. ಚಾರ್ಲಿ ಬಾರ್ನೆಟ್, ಟಾಮಿ ಡಾರ್ಸಿ ಮೊದಲಾದವರ ತಂಡಗಳಲ್ಲಿ ಪಳಗಿ, 1949ರಲ್ಲಿ ಎನ್‌ಬಿಸಿಯ ಸಿಬ್ಬಂದಿ ವಾದಕರಾಗಿ ಸೇರಿದ ಅವರನ್ನು ಸಾಮಾನ್ಯ ವೀಕ್ಷಕರು ನೆನಪಿಟ್ಟುಕೊಂಡದ್ದು ಕಣ್ಣು ಕುಕ್ಕುವ ಬಟ್ಟೆಗಳಿಗಾಗಿ ಮತ್ತು ಆ ಬಟ್ಟೆಗಳ ಬಗ್ಗೆ ಕಾರ್ಸನ್ ಮಾಡುತ್ತಿದ್ದ ಕುಹಕಗಳಿಗಾಗಿ. ಇದು ಸೆವೆರಿನ್ಸನ್‌ರಿಗೆ ಆದ ಸಣ್ಣ ಅನ್ಯಾಯವೇ ಸರಿ. ತಾರಸ್ಥಾಯಿಯ ತುತ್ತತುದಿಯಲ್ಲೂ ಬಿರುಕು ಬಿಡದ ಅವರ ಟ್ರಂಪೆಟ್ ನಾದದ ಹಿಂದೆ ಎಡೆಬಿಡದ ದಿನನಿತ್ಯದ ಸಾಧನೆಯಿತ್ತು. ನಗೆಗೆ ಗುರಿಯಾಗಲು ಒಪ್ಪಿಕೊಂಡದ್ದರಿಂದಲೇ ಅವರಿಗೆ ಪರದೆಯ ಮೇಲೆ ಸ್ಥಾನ ದೊರೆಯಿತು ಮತ್ತು ಆ ಸ್ಥಾನದ ಬಲದಿಂದಲೇ ವೃಂದ ಉಳಿಯಿತು ಎನ್ನಲು ಅವಕಾಶವಿದೆ.

ಅವರಿಗೆ ತದ್ವಿರುದ್ಧವಾಗಿ ಸಪ್ಪೆ ಕಂದು ಬಣ್ಣದ ಸೂಟು ತೊಟ್ಟು, ಮುಖದಲ್ಲಿ ಯಾವ ಭಾವವನ್ನೂ ತೋರದೆ ನಿಲ್ಲುತ್ತಿದ್ದ ಉಪನಾಯಕ ಟಾಮಿ ನ್ಯೂಸಮ್ ಅವರನ್ನು ಕಾರ್ಸನ್ ವ್ಯಂಗ್ಯವಾಗಿ ಮಹಾ ರೋಮಾಂಚಕಾರಿ ವ್ಯಕ್ತಿಯೆಂದು ಕರೆಯುತ್ತಿದ್ದರು. ಸ್ಯಾಕ್ಸೊಫೋನ್ ವಾದಕರಾಗಿದ್ದ ನ್ಯೂಸಮ್‌ರೇ ವೃಂದದ ಮುಖ್ಯ ಸಂಯೋಜಕರಲ್ಲಿ ಒಬ್ಬರಾಗಿದ್ದು, ಯಾವ ಹಾಡಿನಲ್ಲಿ ಯಾವ ವಾದ್ಯ ಯಾವ ಸ್ವರ ಹಿಡಿಯಬೇಕೆಂಬುದನ್ನು ಬರೆದು ಕೊಡುತ್ತಿದ್ದರು. ವೀಕ್ಷಕರು ಕೇಳುತ್ತಿದ್ದ ನಾದದ ಮೈಕಟ್ಟು ಬಹಳ ಮಟ್ಟಿಗೆ ಈ ಭಾವಶೂನ್ಯ ಮನುಷ್ಯನ ಲೇಖನಿಯಿಂದ ಬಂದುದಾಗಿತ್ತು.

ಓದಿ ನುಡಿಸುವುದು, ನುಡಿಸಿ ಮರೆಯುವುದು

ಬಿಗ್ ಬ್ಯಾಂಡಿನ ರಚನೆಯಲ್ಲಿ ನಾಲ್ಕು ಗುಂಪುಗಳಿರುತ್ತವೆ: ಕದ್ರಿ ಗೋಪಾಲನಾಥರಿಂದಾಗಿ ಕನ್ನಡಿಗರಿಗೆ ಆಪ್ತವಾದ ಸ್ಯಾಕ್ಸೊಫೋನ್‌ಗಳು ಐದು, ಟ್ರಂಪೆಟ್‌ಗಳು ನಾಲ್ಕು, ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ನುಡಿಸುವ ಟ್ರೊಂಬೋನ್‌ಗಳು ಮೂರೋ ನಾಲ್ಕೋ, ಅವುಗಳ ಜೊತೆಗೆ ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್ ಸೇರಿದ ಲಯವಿಭಾಗ. ಇಲ್ಲಿ ಬಹುಪಾಲು ಸಂಗೀತವು ಬರೆದಿಟ್ಟ ಸ್ವರಲಿಪಿಯನ್ನು ಅನುಸರಿಸುತ್ತದೆ, ನಡುವೆ ಗೊತ್ತುಮಾಡಿದ ಜಾಗಗಳಲ್ಲಿ ಮಾತ್ರ ಒಬ್ಬ ವಾದಕ ಎದ್ದುನಿಂತು ತನ್ನ ಮನೋಧರ್ಮಕ್ಕೆ ತಕ್ಕಂತೆ ಸ್ವರಕಲ್ಪನೆ ಮಾಡುತ್ತಾನೆ. ಲಿಪಿಯಲ್ಲಿ ಸಮಸಮವಾಗಿ ಬರೆದ ಎರಡು ಸ್ವರಗಳನ್ನು ಮೊದಲನೆಯದು ಕೊಂಚ ದೀರ್ಘ, ಎರಡನೆಯದು ಕೊಂಚ ಹ್ರಸ್ವವಾಗಿ, ತಿಶ್ರ ನಡೆಯ ಛಾಯೆ ತೋರುವಂತೆ ನುಡಿಸುವುದಕ್ಕೆ ಸ್ವಿಂಗ್ ಎಂದು ಹೆಸರು. ಆ ದೀರ್ಘ-ಹ್ರಸ್ವಗಳ ಪ್ರಮಾಣವನ್ನು ಯಾವ ಲಿಪಿಯೂ ಹೇಳದ ಕಾರಣ ಹದಿಮೂರು ಜನ ಊದುವವರು ಅದನ್ನು ಪರಸ್ಪರ ಕೇಳಿಯೇ ಒಂದಾಗಿಸಿಕೊಳ್ಳಬೇಕಾಗುತ್ತದೆ.

ಈ ಒಮ್ಮತಕ್ಕೆ ಆಧಾರ ಲೀಡ್ ಟ್ರಂಪೆಟ್ ವಾದಕ. ಅತ್ಯಂತ ಎತ್ತರದ ಸ್ವರಸಾಲು ಅವನ ಪಾಲಿನದಾದ್ದರಿಂದ ಪ್ರತಿ ಸ್ವರವನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ತುಂಡರಿಸಬೇಕು ಎಂಬುದನ್ನು ಅವನ ಉಸಿರು ನಿರ್ಧರಿಸುತ್ತದೆ, ಉಳಿದವರು ಅದಕ್ಕೆ ಒಳಪಡುತ್ತಾರೆ. ಹೀಗಿದ್ದರೂ ಎದ್ದುನಿಂತು ನುಡಿಸಿ ಚಪ್ಪಾಳೆ ಗಿಟ್ಟಿಸುವ ಅವಕಾಶ ಸಾಮಾನ್ಯವಾಗಿ ಪಕ್ಕದ ಆಸನದವನಿಗೆ ಹೋಗುತ್ತದೆ. ಕಾರ್ಸನ್‌ರ ವೃಂದದಲ್ಲಿ ಈ ಹೊಣೆಯನ್ನು ಬಹುಕಾಲ ಹೊತ್ತವರಲ್ಲಿ ಜಾನ್ ಆಡಿನೊ ಮತ್ತು ಸ್ನೂಕಿ ಯಂಗ್ ಪ್ರಮುಖರು. ಲನ್ಸ್‌ಫರ್ಡ್ ಮತ್ತು ಬೇಸಿ ತಂಡಗಳಲ್ಲಿ ನುಡಿಸಿ ಬಂದ ಯಂಗ್ 1962ರಲ್ಲಿ ಎನ್‌ಬಿಸಿ ಸೇರಿ, ವೃಂದ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಅದರೊಡನೆ ಹೋಗಿ, 1992ರವರೆಗೂ ಅಲ್ಲಿಯೇ ಉಳಿದರು. ಅವರಿಗೆ ಅಮೆರಿಕದ ಸರ್ಕಾರಿ ಕಲಾನಿಧಿಯ ಜಾಝ್ ಮಾಸ್ಟರ್ ಗೌರವ ಸಂದದ್ದು 2009ರಲ್ಲಿ, ತೊಂಬತ್ತರ ಹೊಸ್ತಿಲಿನಲ್ಲಿ.

ಕೆಲಸದ ದಿನ ಮಧ್ಯಾಹ್ನದ ತಾಲೀಮಿನಿಂದ ಶುರುವಾಗುತ್ತಿತ್ತು. ಅಂದಿನ ಅತಿಥಿ ಗಾಯಕರು ತಮ್ಮ ಹಾಡಿನ ಸ್ವರಲಿಪಿಯನ್ನು ತಾವೇ ತರುವುದು ವಾಡಿಕೆಯಾಗಿದ್ದು, ವೃಂದದವರು ಅದನ್ನು ಮೊದಲ ಬಾರಿಗೆ ಕಾಣುತ್ತಿದ್ದುದು ಆ ತಾಲೀಮಿನಲ್ಲಿಯೇ. ಎರಡು ಸಲ ನುಡಿಸಿ ಸರಿಪಡಿಸಿಕೊಂಡರೆ ಆಯಿತು, ಕೆಲವೇ ಗಂಟೆಗಳಲ್ಲಿ ಅದು ಟೇಪಿಗೆ ಇಳಿಯುತ್ತಿತ್ತು. ಮಾರನೆಯ ದಿನ ಬೇರೊಬ್ಬ ಗಾಯಕ, ಬೇರೊಂದು ಶೈಲಿ. ಸೋಮವಾರ ಒಪೆರಾ ಗಾಯಕಿ, ಮಂಗಳವಾರ ರಾಕ್, ಬುಧವಾರ ಬ್ಲೂಸ್ ಎಂಬಂಥ ಸರದಿಯಲ್ಲಿ ಸ್ಯಾಕ್ಸೊಫೋನ್ ವಾದಕರು ಕೊಳಲು, ಕ್ಲಾರಿನೆಟ್ ಮೊದಲಾದ ವಾದ್ಯಗಳನ್ನೂ ಬದಲಾಯಿಸಿ ಬದಲಾಯಿಸಿ ನುಡಿಸಬೇಕಾಗುತ್ತಿತ್ತು, ಅದಕ್ಕಾಗಿ ಒಕ್ಕೂಟದ ನಿಯಮದಂತೆ ಹೆಚ್ಚುವರಿ ಸಂಭಾವನೆಯೂ ಇರುತ್ತಿತ್ತು. ನೋಡಿದೊಡನೆ ತಪ್ಪಿಲ್ಲದೆ ಓದಿ ನುಡಿಸಿ, ಮುಗಿದೊಡನೆ ಮನಸ್ಸಿನಿಂದ ಅಳಿಸಿ, ಮುಂದಿನದಕ್ಕೆ ಅಣಿಯಾಗುವ ಈ ವಿದ್ಯೆಯನ್ನು ಜಾಝ್‌ನ ಇತಿಹಾಸಗಳು ಕುಶಲಕರ್ಮವೆಂದು ಬದಿಗೆ ಸರಿಸುವುದುಂಟು. ಸೃಜನಶೀಲತೆಯನ್ನು ಸ್ವರಕಲ್ಪನೆಯೊಂದರಲ್ಲೇ ಹುಡುಕುವ ಅಭ್ಯಾಸದಿಂದ ಹುಟ್ಟಿದ ಸಂಕುಚಿತ ದೃಷ್ಟಿಯದು.

ಇಷ್ಟರ ಮೇಲೆ ಹಾಸ್ಯದ ಕೆಲಸವೂ ಇತ್ತು. ನಿರೂಪಕನ ಚಟಾಕಿ ಬಿದ್ದ ಗಳಿಗೆಯಲ್ಲೇ ಡ್ರಮ್ಸ್‌ನ ಒಂದು ಪೆಟ್ಟು ಬೀಳಬೇಕು, ಚಟಾಕಿ ಸಪ್ಪೆಯಾದರೆ ಆ ಸಪ್ಪೆತನವನ್ನೇ ಅಣಕಿಸುವ ಶೋಕದ ರಾಗ ಏಳಬೇಕು, ಆರಂಭದ ಭಾಷಣದ ಕೊನೆಗೆ ಕಾರ್ಸನ್ ಗಾಲ್ಫ್ ಕೋಲು ಬೀಸಿದಂತೆ ಅಭಿನಯಿಸಿದಾಗ ವೃಂದವು ತಕ್ಷಣ ಮೊಳಗಬೇಕು. ಕಾರ್ಸನ್ ಸ್ವತಃ ಹವ್ಯಾಸಿ ಡ್ರಮ್ಸ್ ವಾದಕರಾಗಿದ್ದುದರಿಂದ ಕಾಲು ಸೆಕೆಂಡಿನ ಹಿಂದುಮುಂದೂ ಅವರಿಗೆ ತಿಳಿಯುತ್ತಿತ್ತು. ಅವರ ಪ್ರವೇಶಕ್ಕೆ ನುಡಿಯುತ್ತಿದ್ದ ಶೀರ್ಷಿಕೆ ಸಂಗೀತದ ಹಿಂದೆಯೂ ಲೆಕ್ಕಾಚಾರದ ಸ್ವಾರಸ್ಯವಿದೆ. ಗಾಯಕ ಪಾಲ್ ಆಂಕಾ 1950ರ ದಶಕದ ಕೊನೆಯಲ್ಲಿ ರಚಿಸಿದ್ದ ರಾಗವೊಂದನ್ನು ಅದಕ್ಕಾಗಿ ಒಗ್ಗಿಸಿಕೊಂಡಾಗ ಕಾರ್ಸನ್‌ರ ಹೆಸರೂ ಸಹರಚನಕಾರರಾಗಿ ಸೇರಿತು. ಪ್ರಸಾರವಾದ ಪ್ರತಿ ಸಲವೂ ರಚನಕಾರರಿಗೆ ರಾಯಧನ ಸಲ್ಲುವ ಪದ್ಧತಿಯಿದ್ದುದರಿಂದ ಮೂವತ್ತು ವರ್ಷಗಳ ಕಾಲ ರಾತ್ರಿ ರಾತ್ರಿಯೂ ದುಡಿದ ಆ ರಾಗದ ಗಳಿಕೆ ಇಬ್ಬರಿಗೂ ಹಂಚಿಹೋಯಿತು.

ಬಣ್ಣದ ಗೋಡೆಯನ್ನು ದಾಟಿದವರು

ಸ್ಟುಡಿಯೊ ನೌಕರಿ ಜಾಝ್ ವಾದಕರಿಗೆ ಆಶ್ರಯವಾಯಿತು ಎಂದಾಗ ಆ ಆಶ್ರಯವು ಬಹುಕಾಲ ಬಿಳಿಯರಿಗಷ್ಟೇ ಮೀಸಲಾಗಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ. ಲಾಸ್ ಏಂಜಲೀಸ್‌ನಲ್ಲಿ ವಾದಕರ ಒಕ್ಕೂಟಕ್ಕೇ ವರ್ಣಭೇದದ ಎರಡು ಶಾಖೆಗಳಿದ್ದು, ಸ್ಟುಡಿಯೊಗಳ ಕೆಲಸವೆಲ್ಲ ಬಿಳಿಯರ 47ನೆಯ ಶಾಖೆಯ ಕೈಯಲ್ಲಿತ್ತು. ಕಪ್ಪು ವಾದಕರ 767ನೆಯ ಶಾಖೆ ಅದರೊಡನೆ ವಿಲೀನಗೊಂಡದ್ದು 1953ರಲ್ಲಿ. ವಿಲೀನಕ್ಕೆ ಹೋರಾಡಿದವರಲ್ಲಿ ಒಬ್ಬರಾದ ಕಪ್ಪು ವಾದಕ ಬಡಿ ಕಲೆಟ್ ಅವರನ್ನು ಗ್ರೌಚೊ ಮಾರ್ಕ್ಸ್‌ರ ರಸಪ್ರಶ್ನೆ ಕಾರ್ಯಕ್ರಮದ ವೃಂದಕ್ಕೆ ಅದರ ನಾಯಕ ಜೆರ್ರಿ ಫೀಲ್ಡಿಂಗ್ ಸೇರಿಸಿಕೊಂಡದ್ದು ಆ ಕಾಲಕ್ಕೆ ದಿಟ್ಟ ಹೆಜ್ಜೆಯೆನಿಸಿತ್ತು.

ನ್ಯೂಯಾರ್ಕಿನಲ್ಲಿ ಒಕ್ಕೂಟ ಒಂದೇ ಆಗಿದ್ದರೂ ವಾಹಿನಿಗಳ ಬಾಗಿಲು ತೆರೆದಿರಲಿಲ್ಲ. ಕಪ್ಪು ಜನರ ಉದ್ಯೋಗಾವಕಾಶಗಳಿಗಾಗಿ ದುಡಿಯುತ್ತಿದ್ದ ಅರ್ಬನ್ ಲೀಗ್ ಸಂಸ್ಥೆಯು ಈ ಬಗ್ಗೆ ಪ್ರಶ್ನೆಯೆತ್ತಿದ ಮೇಲೆ, 1960ರಲ್ಲಿ ಎನ್‌ಬಿಸಿಯು ಟ್ರಂಪೆಟ್ ವಾದಕ ಕ್ಲಾರ್ಕ್ ಟೆರಿ ಅವರನ್ನು ತನ್ನ ಮೊದಲ ಕಪ್ಪು ಸಿಬ್ಬಂದಿ ವಾದಕರನ್ನಾಗಿ ನೇಮಿಸಿಕೊಂಡಿತು. ಬೇಸಿಯವರ ಬಳಿ ಮೂರು ವರ್ಷ, ಎಲಿಂಗ್ಟನ್‌ರ ಬಳಿ ಎಂಟು ವರ್ಷ ನುಡಿಸಿದ, ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಹುಡುಗನಾಗಿದ್ದ ಮೈಲ್ಸ್ ಡೇವಿಸ್‌ರಿಗೆ ಆದರ್ಶವಾಗಿದ್ದ ಒಬ್ಬ ಕಲಾವಿದನಿಗೆ ಈ ನೌಕರಿ ಸಿಗಲು ಇಷ್ಟು ಒತ್ತಾಯ ಬೇಕಾಯಿತೆಂಬುದು ಆ ಕಾಲದ ಸ್ಥಿತಿಯನ್ನು ತಿಳಿಸುತ್ತದೆ. ಟ್ರಂಪೆಟ್‌ಗಿಂತ ಮೃದುವಾದ, ಗುಂಡಗಿನ ನಾದದ ಫ್ಲೂಗಲ್‌ಹಾರ್ನ್ ಎಂಬ ವಾದ್ಯಕ್ಕೆ ಜಾಝ್‌ನಲ್ಲಿ ಸ್ಥಾನ ದೊರಕಿಸಿದವರಲ್ಲಿ ಟೆರಿ ಅಗ್ರಗಣ್ಯರು.

ಕಾರ್ಯಕ್ರಮದಲ್ಲಿ ಅವರನ್ನು ಜನಪ್ರಿಯಗೊಳಿಸಿದ್ದು ವೃಂದವನ್ನು ಸೋಲಿಸುವ ಒಂದು ಆಟ. ಪ್ರೇಕ್ಷಕರಲ್ಲೊಬ್ಬರು ಯಾರಿಗೂ ಗೊತ್ತಿರದ ಹಾಡಿನ ಹೆಸರು ಹೇಳುವುದು, ವೃಂದದವರು ಅದನ್ನು ನುಡಿಸಲಾಗದಿದ್ದರೆ ಹೇಳಿದವರಿಗೆ ಬಹುಮಾನವಾಗಿ ಊಟ ಕೊಡಿಸುವುದು ಆ ಆಟದ ನಿಯಮ. ಹಾಡು ಗೊತ್ತಿಲ್ಲದಿದ್ದಾಗ ಟೆರಿ ಎದ್ದುನಿಂತು, ಪದಗಳಂತೆ ಕೇಳಿಸುವ ಆದರೆ ಯಾವ ಪದವೂ ಅಲ್ಲದ ಗೊಣಗುವಿಕೆಯಲ್ಲಿ ಬ್ಲೂಸ್ ಹಾಡಿ ಸಭೆಯನ್ನು ನಗಿಸುತ್ತಿದ್ದರು. 1964ರಲ್ಲಿ ಪಿಯಾನೊ ವಾದಕ ಆಸ್ಕರ್ ಪೀಟರ್ಸನ್‌ರ ಮೂವರ ತಂಡದೊಡನೆ ಧ್ವನಿಮುದ್ರಿಸಿದಾಗ ಈ ಗೊಣಗಾಟವು ಅವರ ಹೆಗ್ಗುರುತೇ ಆಯಿತು. 1972ರ ಮೇ ತಿಂಗಳಲ್ಲಿ ಕಾರ್ಯಕ್ರಮವು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಪ್ಲಾಜಾದಿಂದ ಬರ್ಬ್ಯಾಂಕ್‌ಗೆ ಸ್ಥಳಾಂತರವಾದಾಗ ಟೆರಿ ಜೊತೆಗೆ ಹೋಗಲಿಲ್ಲ. ಶಾಲೆ ಕಾಲೇಜುಗಳಲ್ಲಿ ಜಾಝ್ ಕಲಿಸುವುದೇ ಅವರ ಉಳಿದ ಬದುಕಿನ ದೊಡ್ಡ ಕೆಲಸವಾಯಿತು. 2015ರಲ್ಲಿ ತೀರಿಕೊಳ್ಳುವ ಮುನ್ನ ಹಾಸಿಗೆ ಹಿಡಿದಿದ್ದಾಗಲೂ ಅವರು ಯುವ ಪಿಯಾನೊ ವಾದಕನೊಬ್ಬನಿಗೆ ಪಾಠ ಹೇಳುತ್ತಿದ್ದುದನ್ನು 2014ರ ‘ಕೀಪ್ ಆನ್ ಕೀಪಿನ್ ಆನ್’ ಸಾಕ್ಷ್ಯಚಿತ್ರ ದಾಖಲಿಸಿದೆ.

ತಬಲಾ ಕಲಿತ ಡ್ರಮ್ಸ್ ವಾದಕ

ಸೆವೆರಿನ್ಸನ್‌ರ ಕಾಲದುದ್ದಕ್ಕೂ ಡ್ರಮ್ಸ್ ಮುಂದೆ ಕುಳಿತಿದ್ದ ಎಡ್ ಶಾನೆಸಿ ಅವರ ಲಯಜ್ಞಾನಕ್ಕೆ ಭಾರತದ ನೇರ ನಂಟಿದೆ. ಎರಡು ಬಾಸ್ ಡ್ರಮ್‌ಗಳನ್ನು ಎರಡೂ ಪಾದಗಳಿಂದ ನುಡಿಸುವ ಶೈಲಿಗೆ ಹೆಸರಾಗಿದ್ದ ಶಾನೆಸಿ, ರವಿಶಂಕರರ ಸಿತಾರಿಗೆ ಜೊತೆಗೂಡುತ್ತಿದ್ದ ಉಸ್ತಾದ್ ಅಲ್ಲಾ ರಖಾ ಅವರ ಬಳಿ ತಬಲಾ ಅಭ್ಯಾಸ ಮಾಡಿದರು. ಏಳು, ಐದು ಮುಂತಾದ ವಿಷಮ ಸಂಖ್ಯೆಯ ಮಾತ್ರೆಗಳ ಆವರ್ತಗಳಲ್ಲಿ ಸಲೀಸಾಗಿ ಓಡಾಡುವುದನ್ನು ಪಾಶ್ಚಾತ್ಯ ಡ್ರಮ್ಸ್ ವಾದಕರು ಭಾರತೀಯ ಲಯಪದ್ಧತಿಯಿಂದ ಕಲಿಯತೊಡಗಿದ ಮೊದಲ ತಲೆಮಾರಿಗೆ ಅವರು ಸೇರುತ್ತಾರೆ. ಕಾರ್ಸನ್‌ರ ಗೆಳೆಯರೂ ಕಾರ್ಯಕ್ರಮದ ಆಗಾಗಿನ ಅತಿಥಿಯೂ ಆಗಿದ್ದ ಬಡಿ ರಿಚ್ ಅವರೂ ಅಲ್ಲಾ ರಖಾ ಅವರೊಡನೆ 1968ರಲ್ಲಿ ಧ್ವನಿಮುದ್ರಿಕೆಯೊಂದನ್ನು ಹೊರತಂದಿದ್ದರು. ರಿಚ್ ಮತ್ತು ಶಾನೆಸಿ ಇದೇ ವೇದಿಕೆಯಲ್ಲಿ ಎದುರುಬದುರು ಕುಳಿತು ನಡೆಸಿದ ಡ್ರಮ್ಸ್ ಜುಗಲ್‌ಬಂದಿಯು ಪರದೆಯ ಮೇಲೆ ವೃಂದಕ್ಕೆ ಪೂರ್ಣಾವಕಾಶ ದೊರೆತ ಅಪರೂಪದ ಪ್ರಸಂಗಗಳಲ್ಲಿ ಒಂದು.

ಕೇಳಿಸದೆ ಹೋದ ಎರಡು ನಿಮಿಷ

ವೃಂದದ ಕೆಲಸದ ವಿಚಿತ್ರ ಸ್ವರೂಪವು ಗೋಚರಿಸುವುದು ಜಾಹೀರಾತಿನ ವಿರಾಮಗಳಲ್ಲಿ. ವಿರಾಮ ಬಂದಾಗ ವೃಂದವು ಒಂದು ಜಾಝ್ ಕೃತಿಯನ್ನು ಎತ್ತಿಕೊಳ್ಳುತ್ತಿತ್ತು. ಅದರ ಮೊದಲ ಕೆಲವು ಸೆಕೆಂಡು ಕೇಳಿಸಿದೊಡನೆ ಮನೆಯ ಪರದೆಯ ಮೇಲೆ ನಾಯಿಯ ಆಹಾರದ್ದೋ ಕಾರಿನದ್ದೋ ಜಾಹೀರಾತು ಬರುತ್ತಿತ್ತು, ಸ್ಟುಡಿಯೊದಲ್ಲಿ ಮಾತ್ರ ಸಂಗೀತ ನಿಲ್ಲುತ್ತಿರಲಿಲ್ಲ. ಅಲ್ಲಿ ಕುಳಿತ ಕೆಲವು ನೂರು ಪ್ರೇಕ್ಷಕರ ಉತ್ಸಾಹ ಇಳಿಯದಂತೆ ನೋಡಿಕೊಳ್ಳುವ ನೆಪದಲ್ಲಿ ಸ್ಯಾಕ್ಸೊಫೋನ್ ವಾದಕನೊಬ್ಬ ಎದ್ದುನಿಂತು ಪೂರ್ಣ ಸ್ವರಕಲ್ಪನೆ ನಡೆಸುತ್ತಿದ್ದ, ವೃಂದವು ಕೊನೆಯ ಏರುಘಟ್ಟಕ್ಕೆ ಬರುವ ಹೊತ್ತಿಗೆ ಕ್ಯಾಮೆರಾ ಮರಳಿ ತೆರೆದುಕೊಂಡು ಅದರ ಅಂತಿಮ ಸ್ವರಗಳು ಮನೆಮನೆ ತಲುಪುತ್ತಿದ್ದವು. ವೀಕ್ಷಕರ ಪಾಲಿಗೆ ಬಂದದ್ದು ಕೃತಿಯ ತಲೆ ಮತ್ತು ಬಾಲ, ನಡುವಿನ ದೇಹವು ಸ್ಟುಡಿಯೊದವರಿಗೇ ಮೀಸಲು.

ಆ ಚೂರುಗಳಲ್ಲಿಯೂ ಕಿವಿಯಿದ್ದವರು ಕೇಳಬೇಕಾದುದನ್ನು ಕೇಳಿಸಿಕೊಂಡರು. ಸ್ಟೀಲಿ ಡ್ಯಾನ್ ಎಂಬ ರಾಕ್ ತಂಡದ ವಾಲ್ಟರ್ ಬೆಕರ್ ಮತ್ತು ಡೊನಾಲ್ಡ್ ಫೇಗನ್, ಟಿವಿಯಲ್ಲಿ ವಿರಾಮದ ಅಂಚಿಗೆ ತೇಲಿಬರುತ್ತಿದ್ದ ಟೆನರ್ ಸ್ಯಾಕ್ಸೊಫೋನ್ ಯಾರದೆಂದು ಹುಡುಕಿ ಪೀಟ್ ಕ್ರಿಸ್ಟ್‌ಲೀಬ್ ಅವರನ್ನು ಕರೆಸಿಕೊಂಡರು. 1977ರ ‘ಡೀಕನ್ ಬ್ಲೂಸ್’ ಹಾಡಿನಲ್ಲಿ ಅವರು ನುಡಿಸಿದ ಭಾಗವು ಅಮೆರಿಕದ ಜನಪ್ರಿಯ ಸಂಗೀತದ ಅತಿ ಪರಿಚಿತ ಸ್ಯಾಕ್ಸೊಫೋನ್ ತುಣುಕುಗಳಲ್ಲಿ ಒಂದಾಗಿ ಉಳಿದಿದೆ.

ಕೃತಿಯ ಇಡೀ ದೇಹವನ್ನು ನುಡಿಸಬೇಕೆಂಬ ಹಸಿವು ವಾದಕರಲ್ಲಿ ಇದ್ದೇ ಇತ್ತು, ಅದು ಬೇರೊಂದೆಡೆ ಫಲ ಕೊಟ್ಟಿತು. ಸಿಬಿಎಸ್ ವಾಹಿನಿಯ ಸಿಬ್ಬಂದಿಯಾಗಿದ್ದ ಟ್ರಂಪೆಟ್ ವಾದಕ ಥ್ಯಾಡ್ ಜೋನ್ಸ್ ಮತ್ತು ಡ್ರಮ್ಸ್ ವಾದಕ ಮೆಲ್ ಲೂಯಿಸ್ ಸೇರಿ ನ್ಯೂಯಾರ್ಕಿನ ಸ್ಟುಡಿಯೊ ವಾದಕರನ್ನು ಕಲೆಹಾಕಿ ಕಟ್ಟಿದ ತಂಡವು 1966ರ ಫೆಬ್ರವರಿ 7ರಂದು ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ನುಡಿಸಿತು. ಸ್ನೂಕಿ ಯಂಗ್ ಅದರ ಲೀಡ್ ಟ್ರಂಪೆಟ್. ಮರ್ವ್ ಗ್ರಿಫಿನ್‌ರ ಟಿವಿ ವೃಂದದ ಟ್ರೊಂಬೋನ್ ವಾದಕ ಬಾಬ್ ಬ್ರೂಕ್‌ಮೈಯರ್ ಅದರ ಸಂಯೋಜಕರಲ್ಲೊಬ್ಬರು. ಸ್ಟುಡಿಯೊ ಮತ್ತು ರಂಗಭೂಮಿಯ ವಾದಕರಿಗೆ ಬಿಡುವಿರುತ್ತಿದ್ದ ಸೋಮವಾರದ ರಾತ್ರಿಯನ್ನೇ ಆರಿಸಿಕೊಂಡ ಈ ತಂಡದ ಉತ್ತರಾಧಿಕಾರಿಯಾದ ವ್ಯಾನ್‌ಗಾರ್ಡ್ ಜಾಝ್ ಆರ್ಕೆಸ್ಟ್ರಾ ಅದೇ ಕ್ಲಬ್ಬಿನಲ್ಲಿ ಸೋಮವಾರದ ಪದ್ಧತಿಯನ್ನು ಮುಂದುವರಿಸಿಕೊಂಡು ಬಂದಿದೆ. ಸ್ಟುಡಿಯೊ ನೌಕರಿಯನ್ನು ಜಾಝ್‌ನ ಮಸಣವೆಂದು ಜರೆದ ವಿಮರ್ಶಕರು, 1960ರ ನಂತರದ ಅತ್ಯಂತ ಪ್ರಭಾವಶಾಲಿ ಬಿಗ್ ಬ್ಯಾಂಡು ಆ ನೌಕರಿಯ ಸಂಬಳದ ಮೇಲೆ ನಿಂತಿತ್ತೆಂಬುದನ್ನು ಲೆಕ್ಕಕ್ಕೆ ಹಿಡಿದಂತಿಲ್ಲ.

ಕುಗ್ಗಿದ ವೃಂದ, ಅಳಿದ ಟೇಪು

ಒಕ್ಕೂಟದ ಒಪ್ಪಂದಗಳು ಸಡಿಲವಾದಂತೆ, ಟೇಪಿನ ಬಳಕೆ ಹೆಚ್ಚಿದಂತೆ, ವಾಹಿನಿಗಳು ತಮ್ಮ ಸಿಬ್ಬಂದಿ ವೃಂದಗಳನ್ನು ಕೈಬಿಡುತ್ತ ಬಂದವು. ರಾತ್ರಿಯ ಕಾರ್ಯಕ್ರಮಗಳ ವೃಂದಗಳಷ್ಟೇ ಆ ಹಳೆಯ ವ್ಯವಸ್ಥೆಯ ಅವಶೇಷವಾಗಿ ಉಳಿದವು. ಮೊದಲು 105 ನಿಮಿಷವಿದ್ದ ‘ಟುನೈಟ್’ ಆಮೇಲೆ 90 ನಿಮಿಷಕ್ಕೆ, 1980ರಲ್ಲಿ 60 ನಿಮಿಷಕ್ಕೆ ಇಳಿದಾಗ ವೃಂದದ ಪಾಲೂ ಸಹಜವಾಗಿ ಕುಗ್ಗಿತು. 1982ರಲ್ಲಿ ಅದರ ಬೆನ್ನಿಗೇ ಶುರುವಾದ ಡೇವಿಡ್ ಲೆಟರ್‌ಮನ್‌ರ ಕಾರ್ಯಕ್ರಮದಲ್ಲಿ ಪಾಲ್ ಶಾಫರ್ ನಾಲ್ಕೇ ಜನರ ರಾಕ್ ತಂಡದಿಂದ ಕೆಲಸ ಸಾಗಿಸಿ ತೋರಿಸಿದರು. 1992ರಲ್ಲಿ ಜೇ ಲೆನೊ ಬಂದಾಗ ಸೆವೆರಿನ್ಸನ್‌ರ ವೃಂದದ ಬದಲಿಗೆ ಬ್ರಾನ್‌ಫರ್ಡ್ ಮಾರ್ಸಾಲಿಸ್‌ರ ಚಿಕ್ಕ ತಂಡವು ನೇಮಕವಾಯಿತು. ಮಾರ್ಸಾಲಿಸ್ ಸ್ವತಃ ಉತ್ತಮ ಜಾಝ್ ವಾದಕರೇ ಆಗಿದ್ದರೂ 17 ಮಂದಿಯ ನಾದವು ಅಲ್ಲಿಗೆ ಅಮೆರಿಕದ ರಾತ್ರಿ ಟಿವಿಯಿಂದ ಮರೆಯಾಯಿತು. ಯುರೋಪಿನಲ್ಲಿ ಸಾರ್ವಜನಿಕ ಹಣದಿಂದ ನಡೆಯುವ ಪ್ರಸಾರ ಸಂಸ್ಥೆಗಳು ಬೇರೆ ದಾರಿ ಹಿಡಿದವು. 1964ರಲ್ಲಿ ಆರಂಭವಾದ ಡೆನ್ಮಾರ್ಕ್ ಬಾನುಲಿಯ ಬಿಗ್ ಬ್ಯಾಂಡ್ ಮತ್ತು ಕಲೋನ್ ನಗರದ ಡಬ್ಲ್ಯುಡಿಆರ್ ಬಿಗ್ ಬ್ಯಾಂಡ್ ಜಾಹೀರಾತಿನ ಹಂಗಿಲ್ಲದೆ ಹೊಸ ಕೃತಿಗಳನ್ನು ಬರೆಸಿ ನುಡಿಸುತ್ತ ಬಂದಿವೆ. ಥ್ಯಾಡ್ ಜೋನ್ಸ್ ಅವರೇ 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ತೊರೆದು ಡೆನ್ಮಾರ್ಕಿನ ವೃಂದವನ್ನು ನಡೆಸಲು ಹೋದದ್ದು ಕೇವಲ ಆಕಸ್ಮಿಕವೆನಿಸದು.

ನ್ಯೂಯಾರ್ಕ್ ಕಾಲದ ವೃಂದ ಹೇಗಿತ್ತೆಂದು ಇಂದು ತಿಳಿಯಬಯಸುವವರಿಗೆ ದೊಡ್ಡ ಅಡ್ಡಿಯೊಂದಿದೆ. ವಿಡಿಯೊ ಟೇಪು ದುಬಾರಿಯಾಗಿದ್ದ ಕಾಲದಲ್ಲಿ ವಾಹಿನಿಯು ಪ್ರಸಾರವಾದ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದುದರಿಂದ, 1962ರಿಂದ 1972ರವರೆಗಿನ ಕಾರ್ಸನ್ ಕಾರ್ಯಕ್ರಮಗಳಲ್ಲಿ ಬಹುಪಾಲು ಉಳಿದಿಲ್ಲ. ಕ್ಲಾರ್ಕ್ ಟೆರಿ ಮತ್ತು ಸ್ನೂಕಿ ಯಂಗ್ ಒಂದೇ ಸಾಲಿನಲ್ಲಿ ಕುಳಿತು ನುಡಿಸಿದ ಆ ಹತ್ತು ವರ್ಷಗಳ ಸಂಗೀತಕ್ಕೆ ಅಲ್ಲೊಂದು ಇಲ್ಲೊಂದು ತುಣುಕಷ್ಟೇ ಸಾಕ್ಷಿ. ಬರ್ಬ್ಯಾಂಕ್ ಕಾಲದ ವೃಂದದ ಮಟ್ಟಿಗೆ ಸ್ಥಿತಿ ಸ್ವಲ್ಪ ಮೇಲು. ಸೆವೆರಿನ್ಸನ್ ತಮ್ಮ ವಾದಕರನ್ನು ಅಂಹರ್ಸ್ಟ್ ಎಂಬ ಸಣ್ಣ ಕಂಪನಿಯ ಧ್ವನಿಮುದ್ರಣಕ್ಕೆ ಕರೆದೊಯ್ದು, ವಿರಾಮಗಳಲ್ಲಿ ತುಂಡಾಗುತ್ತಿದ್ದ ಬಗೆಯ ಕೃತಿಗಳನ್ನು 1986ರಲ್ಲಿ ಮೊದಲಿನಿಂದ ಕೊನೆಯವರೆಗೆ ನುಡಿಸಿದರು. ಮಾರನೆಯ ವರ್ಷ ಅದಕ್ಕೆ ಬಿಗ್ ಬ್ಯಾಂಡ್ ವಿಭಾಗದ ಗ್ರ್ಯಾಮಿ ಪ್ರಶಸ್ತಿ ಬಂದಿತು. ಅದೇ ವೃಂದಕ್ಕಾಗಿ ‘ಟೇಕ್ ದಿ ಎ ಟ್ರೇನ್’ ಕೃತಿಯನ್ನು ಹೊಸದಾಗಿ ಸಂಯೋಜಿಸಿದ ಬಿಲ್ ಹೋಲ್ಮನ್‌ರಿಗೂ ಮುಂದೆ ಗ್ರ್ಯಾಮಿ ಸಂದಿತು. ವೃಂದವು ಹುಟ್ಟಿ ಮೂವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ದೊರೆತ ಈ ಮನ್ನಣೆಗೆ ಕಾರಣವಾದ ಧ್ವನಿಮುದ್ರಿಕೆಗಳೇ ಜಾಹೀರಾತಿನ ಅಡ್ಡಿಯಿಲ್ಲದೆ ಅದನ್ನು ಕೇಳಲು ಉಳಿದಿರುವ ಮುಖ್ಯ ಆಧಾರ.